ಮೊಟ್ಟೆ ದುಬಾರಿಯಾದ ತಿಂಗಳು ನಾನು ಮಕ್ಕಳಿಗೆ ಹಿಡಿಸಿದ ವ್ರತ

ಶಾಲಾ ಮಕ್ಕಳ ಮೊಟ್ಟೆಯ ಹಂಚಿಕೆ ನಿರ್ಧರಿಸುವ ಮಾನ್ಯ ಅಧಿಕಾರಿಗಳೇ,

ಜನವರಿಯಿಂದ ನಮ್ಮ ಶಾಲೆಗೆ ದಿನಕ್ಕೆ ಇಪ್ಪತ್ತಾರು ಮೊಟ್ಟೆಯ ಹಣ ಮಾತ್ರ ಬರಲಿದೆ. ಕಳೆದ ಸೋಮವಾರ ಸಂಜೆ ಮುಖ್ಯಶಿಕ್ಷಕರ ವಾಟ್ಸ್ಆ್ಯಪ್ ಗುಂಪಿಗೆ ಬಂದ ನಿಮ್ಮ ಕಚೇರಿಯ ಪಟ್ಟಿ ಹೀಗೆ ತಿಳಿಸಿದೆ. ನವೆಂಬರ್ ತಿಂಗಳ ಬೇಡಿಕೆಯ ಸರಾಸರಿಯೇ ಇದಕ್ಕೆ ಆಧಾರ ಎಂದು ಪಟ್ಟಿಯ ಕೆಳಗೆ ಬರೆದಿದೆ. ಆದರೆ ನಮ್ಮ ಶಾಲೆಯಲ್ಲಿ ಮೊಟ್ಟೆ ತಿನ್ನುವ ಮಕ್ಕಳು ಅರವತ್ತೊಂದು. ಉಳಿದ ಮೂವತ್ತೈದು ಮಕ್ಕಳ ಮೊಟ್ಟೆಯನ್ನು ನೀವು ಕಿತ್ತುಕೊಂಡಿದ್ದೀರಿ ಎಂದು ದೂರಲು ನಾನು ಈ ಪತ್ರ ಬರೆಯಬೇಕಿತ್ತು. ಹಾಗೆ ಪೂರ್ತಿಯಾಗಿ ದೂರುವ ಹಕ್ಕು ನನಗಿಲ್ಲ. ಇಪ್ಪತ್ತಾರು ಎಂಬ ಸಂಖ್ಯೆಯನ್ನು ನಿಮಗೆ ಬರೆದು, ಸಹಿ ಮಾಡಿ, ಮೊಹರು ಒತ್ತಿ ಕಳಿಸಿದವಳು ನಾನೇ. ಆ ಸಂಖ್ಯೆ ಸುಳ್ಳು.

ನಾನು ಶಿರಂಗಾಲದ ಕಡೆಯ ಒಂದು ಸರ್ಕಾರಿ ಶಾಲೆಯ ಪ್ರಭಾರ ಮುಖ್ಯಶಿಕ್ಷಕಿ. ನಮ್ಮದು ಲಿಂಗವಂತರ ಮನೆ. ನಲವತ್ನಾಲ್ಕು ವರ್ಷದಲ್ಲಿ ಒಂದು ಮೊಟ್ಟೆಯನ್ನೂ ಒಡೆದವಳಲ್ಲ, ತಿಂದವಳಲ್ಲ. ಆದರೂ ಈ ಎರಡು ವರ್ಷಗಳಲ್ಲಿ ಸಾವಿರಾರು ಮೊಟ್ಟೆ ಕೊಂಡಿದ್ದೇನೆ. ನೀವು ಒಂದು ಮೊಟ್ಟೆಗೆ ಆರು ರೂಪಾಯಿ ಕೊಡುತ್ತೀರಿ. ಕೊಳ್ಳುವುದು, ಸಾಗಿಸುವುದು, ಬೇಯಿಸುವುದು, ಸುಲಿಯುವುದು ಎಲ್ಲವೂ ಅದರೊಳಗೇ ಆಗಬೇಕು. ಅಂಗಡಿಯಲ್ಲಿ ಅಕ್ಟೋಬರ್ ಕೊನೆಗೆ ಅದರ ಬೆಲೆ ಏಳು ದಾಟಿತು, ನವೆಂಬರ್ ಮೊದಲ ವಾರ ಏಳೂವರೆಯಾಯಿತು. ನಿಮ್ಮ ದರ ಮಾತ್ರ ಕಲ್ಲಿನ ಮೇಲೆ ಕೆತ್ತಿಸಿದ ಶಾಸನದಂತೆ ಆರರಲ್ಲೇ ನಿಂತಿತ್ತು. ನಮ್ಮೂರಿನ ಅಂಗಡಿಯ ತೀರ್ಥಪ್ರಸಾದ್ ಅವರಿಗೆ ನಾನು ಇದನ್ನು ವಿವರಿಸಿದಾಗ ಅವರು ಟ್ರೇಗೆ ದಾರ ಕಟ್ಟುತ್ತಲೇ ಹೇಳಿದರು: "ಹೊಸ ವರ್ಷ ಕಳಿಯೋ ತನಕ ಇಳಿಯೋ ಮಾತೇ ಇಲ್ಲ ಮೇಡಂ. ನಿಮ್ಮ ಸಾಹೇಬ್ರಿಗೆ ಹೇಳಿ, ಕೋಳಿಗೂ ಒಂದು ಸರ್ಕ್ಯುಲರ್ ಕಳಿಸ್ಲಿ."

ಮೊಟ್ಟೆಯಲ್ಲಿ ದುಡ್ಡು ಉಳಿಸುವ ದಾರಿಗಳನ್ನು ನಾನು ಹುಡುಕಲಿಲ್ಲ ಎಂದು ಯಾರೂ ಹೇಳಲಾರರು. ಪತ್ರಿಕೆ ಬಂದ ಕೂಡಲೇ ಪೇಟೆ ಧಾರಣೆಯ ಅಂಕಣದಲ್ಲಿ ನೂರು ಮೊಟ್ಟೆಯ ಸಗಟು ದರ ನೋಡುವುದು ರೂಢಿಯಾಯಿತು. ಶುಕ್ರವಾರ ಹೋಂಸ್ಟೇಯವರು ವಾರಾಂತ್ಯದ ಅತಿಥಿಗಳಿಗೆಂದು ಟ್ರೇಗಟ್ಟಲೆ ಒಯ್ಯುತ್ತಾರೆ, ಆಗ ಅಂಗಡಿಯವರು ಕಾಲು ರೂಪಾಯಿ ಏರಿಸುತ್ತಾರೆ. ಆದ್ದರಿಂದ ಮಂಗಳವಾರ ಕೊಳ್ಳಬೇಕು. ಬಿಡಿ ಬೇಡ, ಮೂವತ್ತರ ಟ್ರೇ ಬೇಕು. ಎಳೆಯ ಕೋಳಿಗಳ ಸಣ್ಣ ಮೊಟ್ಟೆ ಅಗ್ಗ. ಒಂದು ವಾರ ಅದನ್ನೇ ತಂದೆ. ನಮ್ಮ ಶಾಲೆಯಲ್ಲಿ ಅಡುಗೆ ಮಾಡುವ ದೊಡ್ಡಿ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದ್ಯಾವ್ದು ಮೇಡಮ್ಮಾ, ಪಾರಿವಾಳದ್ದಾ?" ಅಂದಳು. ಬಿರುಕು ಬಿಟ್ಟ ಮೊಟ್ಟೆ ಐದಕ್ಕೆ ಸಿಗುತ್ತದೆ ಎಂದು ತಂದರೆ, ಅರ್ಧ ಮೊಟ್ಟೆ ಕುದಿಯುವ ನೀರಿನಲ್ಲೇ ಹೊರಗೆ ಬಂದು ನೊರೆಯಾಯಿತು. ಮೊಟ್ಟೆ ಹಳತೋ ಹೊಸತೋ ಎಂದು ನೀರಿಗೆ ಹಾಕಿ ನೋಡುವುದನ್ನು ದೊಡ್ಡಿಯೇ ಕಲಿಸಿದಳು. ಇಷ್ಟೆಲ್ಲ ಮಾಡಿದರೂ ದಿನಕ್ಕೆ ತೊಂಬತ್ತು ರೂಪಾಯಿಯ ಹತ್ತಿರ ಕಡಿಮೆ ಬೀಳುತ್ತಿತ್ತು. ಸ್ವಲ್ಪ ದಿನ ನಾನೇ ಹಾಕಿದೆ. ಮನೆಯಲ್ಲಿ ಗೊತ್ತಾದಾಗ ನನ್ನ ಅತ್ತೆ ರುದ್ರಮ್ಮನವರು, "ಮೊಟ್ಟೆ ಅನ್ನೋ ಮಾತೂ ಒಳಗೆ ಬರಬಾರ್ದು ಅಂತ ಇರೋ ಮನೆ ಇದು. ದುಡ್ಡು ಮಾತ್ರ ಮೊಟ್ಟೆಗೆ ಹೋಗ್ಬೋದೇನಮ್ಮಾ?" ಎಂದು ಕೇಳಿದರು. ಆ ಪ್ರಶ್ನೆಗೆ ನಿಮ್ಮಲ್ಲಿ ಉತ್ತರವಿದೆಯೇ?

ಇಲ್ಲಿಯವರೆಗಿನದು ನನ್ನ ಕಷ್ಟ. ಇನ್ನು ಮುಂದಿನದು ನನ್ನ ತಪ್ಪು.

ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಕೊಡಬೇಕೆಂದು ನಿಮ್ಮ ನಿಯಮವಿದೆ. ಅದಕ್ಕೂ ಆರು ರೂಪಾಯಿ. ನಮ್ಮ ಸಂತೆಯಲ್ಲಿ ಸಣ್ಣ ಬಾಳೆಹಣ್ಣು ಮೂರಕ್ಕೆ ಸಿಗುತ್ತದೆ. ಅರ್ಧದಷ್ಟು ಮಕ್ಕಳು ಮೊಟ್ಟೆ ಬಿಟ್ಟು ಹಣ್ಣಿನ ಸಾಲಿಗೆ ಬಂದರೆ ಉಳಿದವರ ಮೊಟ್ಟೆಯ ನಷ್ಟ ಮುಚ್ಚಿಹೋಗುತ್ತದೆ. ಈ ಲೆಕ್ಕ ನನಗೆ ಹೊಳೆದದ್ದು ಒಂದು ಭಾನುವಾರ. ಮರುದಿನ ಕಾರ್ತಿಕ ಸೋಮವಾರ. ನಮ್ಮ ಭಾಗದಲ್ಲಿ ಬಾಡೂಟ ಮಾಡುವ ಮನೆಗಳಲ್ಲೂ ಅನೇಕರು ಕಾರ್ತಿಕ ಸೋಮವಾರ ಮೊಟ್ಟೆ, ಮಾಂಸ ಮುಟ್ಟುವುದಿಲ್ಲ. ನಾನು ಪ್ರಾರ್ಥನೆ ಮುಗಿದ ಮೇಲೆ ಮಕ್ಕಳ ಮುಂದೆ ನಿಂತು ಕೇಳಿದೆ: "ಮಕ್ಕಳೇ, ಇದು ಕಾರ್ತಿಕ ಮಾಸ, ಶಿವನ ತಿಂಗಳು. ಈ ತಿಂಗಳು ಪೂರ್ತಿ ಮೊಟ್ಟೆ ಬಿಟ್ಟು ಬಾಳೆಹಣ್ಣು ತಿನ್ನೋ ಜಾಣರು ಯಾರ್ಯಾರು?"

ಟೀಚರು 'ಜಾಣರು ಯಾರು' ಎಂದು ಕೇಳಿದರೆ ಕೈ ಎತ್ತದ ಮಗು ಎಲ್ಲಿದೆ? ಕೆಲವರು ಎರಡೂ ಕೈ ಎತ್ತಿದರು. ಎಣಿಸಿದೆ, ಮೂವತ್ತೈದು. ಅಂದು ಮಧ್ಯಾಹ್ನ ಇಪ್ಪತ್ತಾರು ಮೊಟ್ಟೆ ಬೆಂದವು. ನಾನು ಯಾರನ್ನೂ ಬೆದರಿಸಲಿಲ್ಲ, ಯಾರ ತಟ್ಟೆಯಿಂದಲೂ ಕಸಿಯಲಿಲ್ಲ. ಮಕ್ಕಳೇ ಬಿಟ್ಟರು ಎಂದು ನನಗೆ ನಾನೇ ಹೇಳಿಕೊಂಡೆ. ಹುಟ್ಟಿದಾಗಿನಿಂದ ಮೊಟ್ಟೆ ತಿನ್ನದ ನನಗೆ, ಮೊಟ್ಟೆ ಬಿಡುವುದು ಒಂದು ತ್ಯಾಗ ಎಂದೇ ತೋಚಲಿಲ್ಲ. ನಾನು ಬಿಟ್ಟದ್ದು ಏನೂ ಇರಲಿಲ್ಲವಲ್ಲ.

ಕೈ ಎತ್ತಿದವರಲ್ಲಿ ನಾಲ್ಕನೇ ತರಗತಿಯ ಮಾದಿ ಇದ್ದಳು. ಗಿರಿಜನರ ಹಾಡಿಯಿಂದ ಎರಡು ಕಿಲೋಮೀಟರ್ ನಡೆದು ಬರುವ ಹುಡುಗಿ. ಅವಳ ಮನೆಯಲ್ಲಿ ಕಾರ್ತಿಕ ಸೋಮವಾರದ ಆಚರಣೆ ಇಲ್ಲ, ಅದು ನನಗೆ ಗೊತ್ತಿತ್ತು. ನವೆಂಬರಿನಿಂದ ಅವಳ ಅಪ್ಪ ಅಮ್ಮ ಕಾಫಿ ಕೊಯ್ಲಿಗೆ ಸೋಮವಾರಪೇಟೆ ಕಡೆಯ ಎಸ್ಟೇಟಿಗೆ ಹೋಗುತ್ತಾರೆ. ಪಿಕಪ್ ಗಾಡಿ ಬೆಳಿಗ್ಗೆ ಐದೂವರೆಗೇ ಬರುತ್ತದೆ. ಹಾಗಾಗಿ ಅವಳು ರಾತ್ರಿಯ ಅನ್ನ ಉಳಿದಿದ್ದರೆ ತಿಂದು, ಇಲ್ಲದಿದ್ದರೆ ಖಾಲಿ ಹೊಟ್ಟೆಯಲ್ಲಿ ಬರುತ್ತಾಳೆ. ಇದನ್ನೂ ದಯವಿಟ್ಟು ಗಮನಿಸಿ: ಮೊಟ್ಟೆಯ ಬೆಲೆ ಏರುವ ತಿಂಗಳುಗಳೂ ಕಾಫಿ ಕೊಯ್ಲಿನ ತಿಂಗಳುಗಳೂ ಒಂದೇ. ಶಾಲೆಯ ಊಟ ಅತಿ ಹೆಚ್ಚು ಬೇಕಾಗುವ ಹೊತ್ತಿಗೇ ನಿಮ್ಮ ಆರು ರೂಪಾಯಿ ಅತಿ ಕಡಿಮೆ ಬೀಳುತ್ತದೆ. ಮಾದಿ ಮೊಟ್ಟೆಯ ಬಿಳಿಯನ್ನು ಸುತ್ತಲೂ ಕಚ್ಚಿ ತಿಂದು, ಹಳದಿಯನ್ನು ಕೊನೆಗೆ ಉಳಿಸಿಕೊಳ್ಳುವವಳು. ಬಾಳೆಹಣ್ಣನ್ನು ಎರಡೇ ತುತ್ತಿಗೆ ಮುಗಿಸಿ ಎದ್ದು ಹೋಗುತ್ತಿದ್ದಳು.

ಅಮಾವಾಸ್ಯೆ ಕಳೆದು ಕಾರ್ತಿಕ ಮುಗಿಯಿತು. ನಾನು ಮಕ್ಕಳಿಗೆ ಹೇಳಲಿಲ್ಲ. ಮೊಟ್ಟೆಯ ಬೆಲೆ ಇನ್ನೂ ಇಳಿದಿರಲಿಲ್ಲ. ನಾಲ್ಕು ದಿನ ಬಿಟ್ಟು, ಕೈ ತೊಳೆಯುವ ನಲ್ಲಿಯ ಹತ್ತಿರ ಮಾದಿ ನನ್ನನ್ನು ಕೇಳಿದಳು: "ಮೇಡಂ, ಕಾರ್ತಿಕ ಯಾವಾಗ ಮುಗೀತದೆ?"

ನಾನು, "ಷಷ್ಠಿ ಕಳೀಲಿ" ಅಂದೆ.

ಷಷ್ಠಿಯೂ ಕಳೆಯಿತು. ಕ್ರಿಸ್‌ಮಸ್ ಕೇಕಿಗೆಂದು ಬೇಕರಿಯವರು ಮೊಟ್ಟೆ ಎತ್ತತೊಡಗಿದ್ದರಿಂದ ಬೆಲೆ ಎಂಟಕ್ಕೆ ಬಂತು. ನಾನು ಇನ್ನೇನು ಧನುರ್ಮಾಸ ಬರುತ್ತದೆ ಎಂದು ಮಕ್ಕಳಿಗೆ ಹೇಳಿದೆ. ಅಂದು ಅಡುಗೆಮನೆಯಲ್ಲಿ ದೊಡ್ಡಿ ಸಾರು ತಿರುವುತ್ತ, ನನ್ನ ಕಡೆ ನೋಡದೆ ಕೇಳಿದಳು: "ಏನ್ ಮೇಡಮ್ಮಾ, ದೇವ್ರು ಮೊಟ್ಟೆ ರೇಟ್ ನೋಡ್ಕಂಡು ತಿಂಗ್ಳು ಮಾಡವ್ನಾ? ಆರಕ್ಕಿಳಿದ್ರೆ ಯಾವ ಮಾಸ ಬತ್ತದೆ, ಅದ್ನೂ ಹೇಳ್ಬಿಡಿ." ನಾನು ಗ್ಯಾಸ್ ಸಿಲಿಂಡರ್ ಬಂತೇ ಎಂದು ವಿಚಾರಿಸಿ ಹೊರಗೆ ಬಂದೆ.

ಇಷ್ಟರ ನಡುವೆ, ನವೆಂಬರಿನಲ್ಲೇ, ನಿಮ್ಮ ಪರಿಶೀಲನಾ ಸಭೆ ಮಡಿಕೇರಿಯಲ್ಲಿ ನಡೆಯಿತು. ಮೊಟ್ಟೆಯ ದರದ ಬಗ್ಗೆ ದೂರು ಹೇಳದ ಏಕೈಕ ಶಾಲೆ ನಮ್ಮದೆಂದು ನೀವು ನನ್ನನ್ನು ಎಬ್ಬಿಸಿ ನಿಲ್ಲಿಸಿದಿರಿ. 'ಮಕ್ಕಳ ಸ್ವಯಂಪ್ರೇರಿತ ಆಯ್ಕೆ' ಎಂದು ನಾನು ವರದಿಯಲ್ಲಿ ಬರೆದಿದ್ದ ಸಾಲನ್ನು ಓದಿ, "ಇದು ಮಾದರಿ" ಎಂದಿರಿ. ಚಪ್ಪಾಳೆ ಬಿತ್ತು. ನಾನು ಕೈಮುಗಿದು ಕುಳಿತೆ. ಬಾಯಿ ಬಿಡಬೇಕಿದ್ದ ಕ್ಷಣ ಅದು, ಬಿಡಲಿಲ್ಲ. ಪಕ್ಕದಲ್ಲಿದ್ದವರು ಭಾಗಮಂಡಲದ ಕಡೆಯ ಮುಖ್ಯಶಿಕ್ಷಕ ಸೀತಾರಾಮ. ಅವರು ಬಗ್ಗಿ, "ಯಾವ ಮಂತ್ರ ಹಾಕಿದ್ರಿ ಮೇಡಂ? ನಂಗೂ ಸ್ವಲ್ಪ ಉಪದೇಶ ಮಾಡಿ" ಅಂದರು. ಅವರಿಗೆ ಹೇಳಿಕೊಟ್ಟೆ. ವಾರದ ಮೇಲೆ ಅವರೇ ಫೋನು ಮಾಡಿ, "ನಂದೂ ಹದಿನೆಂಟಕ್ಕೆ ಇಳೀತು, ಪುಣ್ಯ ಬರ್ಲಿ ನಿಮಗೆ" ಎಂದರು. ಆ ಪುಣ್ಯವೂ ನನ್ನ ತಲೆಯ ಮೇಲಿದೆ.

ಅಂದಿನ ಸಭೆಯ ಚಹಾದ ಜೊತೆ ಪಫ್ ಹಂಚಿದರು. ನಾನು ತರಕಾರಿಯದನ್ನು ತೆಗೆದುಕೊಂಡೆ, ಹೆಚ್ಚಿನವರ ಕೈಯಲ್ಲಿ ಇದ್ದದ್ದು ಎಗ್ ಪಫ್, ಒಂದೊಂದರಲ್ಲಿ ಅರ್ಧ ಮೊಟ್ಟೆ. ಕಚೇರಿಯು ಆ ಪಫ್‌ಗೆ ಹಿಂದಿನ ವರ್ಷದ ದರ ಕೊಡುತ್ತೇವೆ ಎಂದಿದ್ದರೆ ಬೇಕರಿಯವರು ಕೊಡುತ್ತಿದ್ದರೇ ಮಾನ್ಯರೇ? ಅಥವಾ ತಾವೆಲ್ಲ ಆ ತಿಂಗಳು ವ್ರತ ಹಿಡಿಯುತ್ತಿದ್ದಿರೇ? ಎಲ್ಲ ಶಾಲೆಗಳೂ ದರ ಸಾಲದು ಎನ್ನುವಾಗ ಒಂದು ಶಾಲೆಯಲ್ಲಿ ಮಾತ್ರ ಅರ್ಧಕ್ಕಿಂತ ಹೆಚ್ಚು ಮಕ್ಕಳು ಒಂದೇ ದಿನ ಮೊಟ್ಟೆ ಬಿಟ್ಟದ್ದು ಹೇಗೆ ಎಂದು ಆ ಕೋಣೆಯಲ್ಲಿದ್ದ ಒಬ್ಬರಿಗಾದರೂ ಅನುಮಾನ ಬರಬೇಡವೇ? ನನ್ನ ಸುಳ್ಳು ನಿಮಗೆ ಅನುಕೂಲವಾಗಿತ್ತು. ಆದ್ದರಿಂದ ಅದನ್ನು ಯಾರೂ ಮುಟ್ಟಿ ನೋಡಲಿಲ್ಲ. ಆದರೆ ಸುಳ್ಳು ನನ್ನದೇ. ನಿಮ್ಮ ಪಾಲನ್ನು ಎತ್ತಿ ತೋರಿಸಿದರೆ ನನ್ನದು ಕಡಿಮೆಯಾಗುವುದಿಲ್ಲ.

ಡಿಸೆಂಬರ್ ಎರಡನೆಯ ವಾರ ಮಕ್ಕಳ ತೂಕ ನೋಡಿದೆವು. ಅಕ್ಟೋಬರಿನಲ್ಲಿ ಇಪ್ಪತ್ತೊಂದು ಕಿಲೋ ನಾನೂರು ಗ್ರಾಂ ಇದ್ದ ಮಾದಿ ಇಪ್ಪತ್ತು ಕಿಲೋ ಒಂಬೈನೂರು ಗ್ರಾಂ ಇದ್ದಳು. ನಡುವೆ ನಾಲ್ಕು ದಿನ ಜ್ವರ ಬಂದಿತ್ತು. ಆ ಅರ್ಧ ಕಿಲೋ ನನ್ನ ವ್ರತದಿಂದಲೇ ಹೋಯಿತೆಂದು ಬರೆದರೆ ಅದು ಇನ್ನೊಂದು ಸುಳ್ಳಾದೀತು. ನನ್ನಿಂದ ಹೋಗಲಿಲ್ಲವೆಂದು ಬರೆಯಲೂ ಕೈ ಬರುತ್ತಿಲ್ಲ.

ಸೋಮವಾರ ನಿಮ್ಮ ಪಟ್ಟಿ ಬಂತು. ಒಂದು ತಿಂಗಳಿಗೆಂದು ನಾನು ಹೂಡಿದ ಉಪಾಯ ಕಾಯಂ ಆದೇಶವಾಗಿ ತಿರುಗಿ ಬಂದದ್ದನ್ನು ಕಂಡು ಹೆದರಿದೆ. ಮಂಗಳವಾರ ಪ್ರಾರ್ಥನೆಯ ನಂತರ, "ವ್ರತ ಮುಗೀತು, ಎಲ್ಲರೂ ಮೊಟ್ಟೆ ತಿನ್ನಬಹುದು" ಎಂದು ಹೇಳಿ, ಅರವತ್ತೊಂದು ಮೊಟ್ಟೆ ಬೇಯಿಸಿದೆವು. ಇಪ್ಪತ್ತು ಉಳಿದವು. ಇಪ್ಪತ್ತು ಮಕ್ಕಳು ಬಾಳೆಹಣ್ಣಿನ ಸಾಲಿನಲ್ಲೇ ನಿಂತಿದ್ದರು. ಮಾದಿಯನ್ನು ಕರೆದು, "ತಗೋ ಮಗಾ, ನಿಂದೇ ಇದು" ಅಂದೆ. ಅವಳು ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡು, "ಬ್ಯಾಡ ಮೇಡಂ, ಈಗ ಧನುರ್ಮಾಸ ಅಲ್ವಾ?" ಅಂದಳು.

ಬುಧವಾರ ಸಂಜೆ ಹಾಡಿಗೆ ಹೋದೆ. ಮಾದಿಯ ತಾಯಿ ಆಗಷ್ಟೇ ಕೊಯ್ಲಿನಿಂದ ಬಂದು ಒಲೆ ಹಚ್ಚುತ್ತಿದ್ದರು. ನಾನು ವಿಷಯ ಹೇಳಿದೆ. ಅವರು ಬೈಯಲಿಲ್ಲ. "ಅಯ್ಯೋ, ಹಂಗಾ ಮೇಡಂ?" ಎಂದು ಮಂಕರಿಯ ಕೆಳಗಿದ್ದ ಕೋಳಿಯನ್ನು ತೋರಿಸಿದರು. "ಇದು ಮೊಟ್ಟೆ ಇಡೋಕೆ ಶುರು ಮಾಡಿ ತಿಂಗ್ಳಾಯ್ತು. ಬೇಯ್ಸಿ ಕೊಟ್ರೆ ಮನೇಲೂ ಮುಟ್ಲಿಲ್ಲ ಇವ್ಳು. ಟೀಚರು ನನ್ನ ಜಾಣೆ ಅಂದವ್ರೆ, ತಿಂದ್ರೆ ಆ ಹೆಸ್ರು ಹೋಗ್ತದೆ ಅಂತಾಳೆ. ಒತ್ತಾಯ ಯಾಕೆ ಅಂತ ಎಲ್ಲಾನೂ ತೀರ್ಥಪ್ರಸಾದಣ್ಣನ ಅಂಗಡಿಗೆ ಕೊಟ್ಟೆ."

ನಾನು ಕಿತ್ತದ್ದು ಶಾಲೆಯ ಮೊಟ್ಟೆ ಮಾತ್ರ ಎಂದುಕೊಂಡಿದ್ದೆ. ಅವಳ ಮನೆಯ ಕೋಳಿಯ ಮೊಟ್ಟೆಯನ್ನೂ ಕಿತ್ತಿದ್ದೆ. ಒಂದು ಮಾತು, ಒಂದು ಸೋಮವಾರ, ಆರಕ್ಕೂ ಏಳೂವರೆಗೂ ನಡುವಿನ ಒಂದೂವರೆ ರೂಪಾಯಿಗಾಗಿ.

ಆದ್ದರಿಂದ ನನ್ನ ಬೇಡಿಕೆ ಇದು. ನಮ್ಮ ಶಾಲೆಯ ಹೆಸರಿನ ಮುಂದಿರುವ ಇಪ್ಪತ್ತಾರನ್ನು ಹೊಡೆದು ಅರವತ್ತೊಂದು ಎಂದು ಬರೆಯಿರಿ. ಸೀತಾರಾಮ ಅವರ ಶಾಲೆಯ ಹದಿನೆಂಟನ್ನೂ ಮತ್ತೆ ಎಣಿಸಿ. ಅವರಿಗೆ ನಿನ್ನೆ ಫೋನು ಮಾಡಿ ಈ ಪತ್ರದ ವಿಷಯ ತಿಳಿಸಿದ್ದೇನೆ, ಅವರು ಪೂರ್ತಿ ಕೇಳಿ ಫೋನು ಇಟ್ಟರು. ನವೆಂಬರಿನ ಯಾವ ಶಾಲೆಯ ಸಂಖ್ಯೆಯನ್ನೂ ಮಕ್ಕಳನ್ನು ಕೇಳದೆ ನಂಬಬೇಡಿ. ಮೊಟ್ಟೆಯ ದರ ದಿನವೂ ಪತ್ರಿಕೆಯಲ್ಲಿ ಬರುತ್ತದೆ. ವಾರಕ್ಕೊಮ್ಮೆ ಅದನ್ನು ನೋಡಿ, ಸಾಗಣೆ ಮತ್ತು ಸೌದೆ, ಗ್ಯಾಸಿನ ಖರ್ಚು ಸೇರಿಸಿ ಹಣ ಕೊಡುವುದು ನಿಮ್ಮ ಕಚೇರಿಗೆ ಆಗದ ಕೆಲಸವಲ್ಲ. ಒಬ್ಬ ಮುಖ್ಯಶಿಕ್ಷಕಿಗೆ ಆಗುವ ಲೆಕ್ಕ ಅದು. ಆಗುವುದಿಲ್ಲ ಎಂದಾದರೆ ಮೊಟ್ಟೆ ಕೊಡಲು ನಮ್ಮಲ್ಲಿ ಹಣವಿಲ್ಲ ಎಂದು ನೀವೇ ಮಕ್ಕಳ ಮುಂದೆ ನಿಂತು ಹೇಳಿ. ಆ ಮಾತನ್ನು ಹೇಳಲಾರದೆಯೇ ನಾನು ದೇವರ ಹೆಸರು ಹೇಳಿದೆ.

ಈ ಪತ್ರವನ್ನು ಪತ್ರಿಕೆಗೂ ಕಳಿಸುತ್ತಿದ್ದೇನೆ. ಸರ್ಕಾರಿ ನೌಕರರು ಹೀಗೆ ಮಾಡಬಾರದೆಂದು ಬಲ್ಲೆ. ನೋಟಿಸು ಬಂದರೆ ಇದೇ ಪತ್ರದ ಪ್ರತಿಯನ್ನು ಉತ್ತರವಾಗಿ ಲಗತ್ತಿಸುತ್ತೇನೆ, ಹೊಸದಾಗಿ ಹೇಳಲು ಏನೂ ಇಲ್ಲ.

ಬರುವ ಸೋಮವಾರ ಬೆಳಿಗ್ಗೆ ಪ್ರಾರ್ಥನೆಯ ನಂತರ, ಕಾರ್ತಿಕದ ಕಾರಣ ಹೇಳಿದ್ದು ಸುಳ್ಳು, ಮೊಟ್ಟೆ ದುಬಾರಿಯಾಗಿತ್ತು ಅಷ್ಟೇ ಎಂದು ಮಕ್ಕಳಿಗೆ ಹೇಳುತ್ತೇನೆ. ಮಾದಿಯ ತಾಯಿ ಅಂದು ಒಂದು ಹೊತ್ತಿನ ಕೂಲಿ ಬಿಟ್ಟು ಬರುವುದಾಗಿ ತಿಳಿಸಿದ್ದಾರೆ. ಮಧ್ಯಾಹ್ನ ಅರವತ್ತೊಂದು ಮೊಟ್ಟೆ ಬೇಯುತ್ತವೆ. ಎಷ್ಟು ಉಳಿದವು ಎಂಬುದನ್ನು ದೊಡ್ಡಿ ಎಣಿಸುತ್ತಾಳೆ, ನಾನು ಎಣಿಸುವುದಿಲ್ಲ. ಮಂಗಳವಾರ ಹನ್ನೊಂದು ಗಂಟೆಗೆ ಆ ಸಂಖ್ಯೆಯನ್ನು ತೆಗೆದುಕೊಂಡು ನಿಮ್ಮ ಕಚೇರಿಗೆ ಬರುತ್ತೇನೆ.

ಇಂತಿ,
ನಿಮ್ಮ ಸಭೆಯಲ್ಲಿ ಚಪ್ಪಾಳೆ ಪಡೆದ,
ಮೊಟ್ಟೆ ತಿನ್ನದ ಮುಖ್ಯಶಿಕ್ಷಕಿ
ಕುಸುಮಾ