ಹನಿ ಪೆಟ್ರೋಲ್ ಕುಡಿಯದ ನಮ್ಮ ಮನೆಯ ಗಾಡಿ

ವಿದ್ಯುತ್ ಕಾರುಗಳಿಗೆ ಸಹಾಯಧನ ಮಂಜೂರು ಮಾಡುವ ಕುರ್ಚಿಯಲ್ಲಿರುವ ಮಾನ್ಯರೇ,

ನಮ್ಮ ಮನೆಯಲ್ಲಿ ಕಾರಿದೆ ಎಂಬ ಸಂಗತಿ ನನಗೆ ತಿಳಿದದ್ದೇ ತಮ್ಮ ಪತ್ರದಿಂದ. 'ಅರ್ಜಿದಾರರ ಕುಟುಂಬವು ಸರ್ಕಾರದಿಂದ ಈಗಾಗಲೇ ನಾಲ್ಕು ಚಕ್ರದ ವಿದ್ಯುತ್ ವಾಹನ ಪಡೆದಿರುವುದರಿಂದ ಸಹಾಯಧನ ಹಾಗೂ ತೆರಿಗೆ ವಿನಾಯಿತಿಯ ಕೋರಿಕೆಯನ್ನು ತಿರಸ್ಕರಿಸಲಾಗಿದೆ' ಎಂದು ಅದರಲ್ಲಿದೆ. ಕೊಟ್ಟಿಗೆಯಲ್ಲೂ ಹುಡುಕಿದೆ. ಎಮ್ಮೆ ಸಿಕ್ಕಿತು, ಕಾರು ಸಿಗಲಿಲ್ಲ.

ನಾನು ಅತ್ತಿವೇರಿಯವಳು, ಟಿಬೆಟನ್ ಕಾಲೊನಿಯ ಅಂಗಡಿಗಳಿಗೆ ಬಟ್ಟೆ ಹೊಲಿದು ಕೊಡುತ್ತೇನೆ. ಮಗಳು ಸುಮಿತಾಳ ಕಾಲಿಗೆ ಹುಟ್ಟಿನಿಂದಲೇ ಶಕ್ತಿಯಿಲ್ಲ. ಮುಂಡಗೋಡದಲ್ಲಿ ಬಿ.ಎ. ಎರಡನೇ ವರ್ಷ ಓದುತ್ತಿದ್ದಾಳೆ. ದಿನಾ ಬಸ್ಸಿನ ಬಾಗಿಲಲ್ಲಿ ಯಾರಾದರೂ ಇಬ್ಬರು ಗಂಡಸರು ಅವಳನ್ನು ಎತ್ತಿ ಒಳಗೆ ಕೂರಿಸಬೇಕು. ಎತ್ತುವವರು ಒಳ್ಳೆಯವರೇ. ಆದರೆ ಇಪ್ಪತ್ತು ವರ್ಷದ ಹೆಣ್ಣುಮಗಳಿಗೆ ಅದು ಹೇಗಿರುತ್ತದೆಂದು ತಾವು ಯೋಚಿಸಬಲ್ಲಿರಾ? ಹೋದ ತಿಂಗಳು ಮನೆಗೆ ಬಂದವಳೇ ಪುಸ್ತಕದ ಚೀಲವನ್ನು ಮೂಲೆಗೆಸೆದು, "ಅವ್ವಾ, ಇನ್ನ ನಾ ಹೋಗಂಗಿಲ್ಲ. ದಿನಾ ಮಂದಿ ಕೈಲೆ ಎತ್ತಿಸ್ಕೊಂಡು ಓದೂದು ಸಾಕಾತು" ಎಂದಳು.

ಅದಕ್ಕೇ ಹುಬ್ಬಳ್ಳಿಗೆ ಹೋಗಿ ಕಾರು ನೋಡಿ ಬಂದೆ. ವಿದ್ಯುತ್ ಕಾರಿಗೆ ಗೇರಿಲ್ಲ, ಕ್ಲಚ್ಚಿಲ್ಲ, ಬ್ರೇಕು, ಎಕ್ಸಿಲರೇಟರ್ ಎರಡನ್ನೂ ಕೈಯಲ್ಲೇ ಹಿಡಿಯುವಂತೆ ಜೋಡಿಸಿಕೊಡುತ್ತಾರೆ. ಕಲಿತರೆ ಸುಮಿತಾ ತಾನೇ ಓಡಿಸಬಹುದು! ತಮ್ಮ ರಿಯಾಯಿತಿ ಸೇರಿದರೆ ಮಾತ್ರ ಅದು ನಮ್ಮ ಕೈಗೆಟುಕುತ್ತದೆ, ಆ ರಿಯಾಯಿತಿಯೋ ಈ ತಿಂಗಳ ಮೂವತ್ತಕ್ಕೆ ಮುಗಿಯುತ್ತದೆ. ಅರ್ಜಿ ಹಾಕಿದಂದಿನಿಂದ ನಾನು ಕೂತಲ್ಲಿ ಕೂತಿಲ್ಲ. ಹೊಲಿಗೆ ಯಂತ್ರ ತುಳಿಯುವಾಗಲೂ ಕಣ್ಣು ಫೋನಿನ ಮೇಲೆ.

ಆದರೆ ಫೋನ್ ಬಂದದ್ದು ನಾನು ಅದನ್ನು ಮನೆಯಲ್ಲೇ ಮರೆತು ಹೊರಗೆ ಹೋಗಿದ್ದಾಗ. ಮಾತಾಡಿದವರು ನನ್ನ ಅತ್ತೆ ಹೊಳೆವ್ವ.

"ಮನ್ಯಾಗ ಗಾಡಿ ಐತೇನಬೇ ಯವ್ವಾ?" ಎಂದು ತಮ್ಮ ಸಿಬ್ಬಂದಿ ಕೇಳಿದರಂತೆ.

"ಐತ್ರಿ. ನಾಕು ಗಾಲಿದು, ನಮ್ಮ ಮೊಮ್ಮಗಳದು."

"ಯಾರು ಕೊಡಿಸ್ಯಾರ?"

"ಸರ್ಕಾರದವ್ರ ಕೊಟ್ಟಾರ್ರಿ, ಪುಣ್ಯಾ ಬರ್ಲಿ."

"ಪೆಟ್ರೋಲ್ ಎಷ್ಟ ಕುಡೀತೈತಿ?"

"ಅಯ್ಯ, ಒಂದ ಹನಿ ಹಾಕೂದಿಲ್ರಿ!"

ಮಾನ್ಯರೇ, ಸುಮಿತಾಳ ಗಾಲಿಕುರ್ಚಿಗೆ ನಮ್ಮ ಮನೆಯಲ್ಲಿ 'ಗಾಡಿ' ಎನ್ನುತ್ತೇವೆ. ಅತ್ತೆ ಒಂದೇ ಒಂದು ಸುಳ್ಳು ಹೇಳಿಲ್ಲ. ಪೆಟ್ರೋಲ್ ಕುಡಿಯದ್ದೆಲ್ಲ ವಿದ್ಯುತ್ ವಾಹನವೆಂದು ಬರೆದುಕೊಂಡ ಮಹಾನುಭಾವರ ಜಾಣತನಕ್ಕೆ ಏನೆನ್ನಲಿ? ನಮ್ಮೂರಿನ ಎತ್ತಿನ ಚಕ್ಕಡಿಗಳನ್ನೂ ಅದೇ ಪಟ್ಟಿಗೆ ಸೇರಿಸುತ್ತೀರಾ? ತಮ್ಮ ಕಚೇರಿಗೆ ಬಂದು ಎಲ್ಲವನ್ನೂ ವಿವರಿಸಿದೆ. "ಕಾರಿಲ್ಲ ಅನ್ನಾಕ ದಾಖಲೆ ತರ್ರಿ" ಎಂದರು. ದಾಖಲೆ ಕೊಡುವ ಸಾರಿಗೆ ಕಚೇರಿಗೆ ಹೋದರೆ "ಮೊದ್ಲ ಕಾರಿನ ನಂಬರ್ ಹೇಳ್ರಿ" ಎಂದರು. ಇಲ್ಲದ ಕಾರಿಗೆ ನಂಬರ್ ಎಲ್ಲಿಂದ ತರಲಿ?

ಅತ್ತೆ ಈಗ ಫೋನ್ ಮುಟ್ಟುವುದಿಲ್ಲ. "ನನ್ನ ಬಾಯಿಲೇ ಕೂಸಿನ ಓದು ಕೆಡ್ತು" ಎಂದು ಸರಿಯಾಗಿ ಊಟವನ್ನೂ ಮಾಡುತ್ತಿಲ್ಲ.

ತಮ್ಮ ಕರುಣೆ ನನಗೆ ಬೇಡ. ಮೂವತ್ತನೇ ತಾರೀಖಿನೊಳಗೆ ಕಡತದಲ್ಲಿ ಆ ಒಂದು ಸಾಲು ತಿದ್ದಿ, ನಮ್ಮ ಅರ್ಜಿ ಮಂಜೂರು ಮಾಡಿ. ತಿದ್ದಲಾಗದಿದ್ದರೆ, ಲೆಕ್ಕಕ್ಕಿಂತ ಹೆಚ್ಚಾದ ಆ ಸರ್ಕಾರಿ ವಾಹನವನ್ನು ಜಪ್ತಿ ಮಾಡಲು ತಾವೇ ಬನ್ನಿ. ಸುಮಿತಾ ಅದರಲ್ಲೇ ಕೂತಿರುತ್ತಾಳೆ. ಎತ್ತುವ ಮೊದಲು ಅವಳನ್ನು ಒಂದು ಮಾತು ಕೇಳಿ.

ಇಂತಿ,
ತಮ್ಮ ಕಡತದಲ್ಲಿ ಕಾರಿನ ಒಡತಿಯಾದ, ಬೆಳಿಗ್ಗೆ ಎಂಟಕ್ಕೆ ಮಗಳೊಂದಿಗೆ ಬಸ್ ನಿಲ್ದಾಣದಲ್ಲಿ ಸಿಗುವ
ನಿರ್ಮಲಾ