ಮೂರು ಯಂತ್ರಗಳೂ ಒಂದು ಮೀಸೆಯೂ

ಅಟ್ಲಿಸ್ಕೊ
ಅಕ್ಟೋಬರ್ 12, ಭಾನುವಾರ

ಪ್ರೀತಿಯ ಒಬ್ದೂಲಿಯಾ,

ನನ್ನ ಅಕ್ಷರ ಕಂಡ ಕೂಡಲೇ ಲಕೋಟೆಯನ್ನು ಒಲೆಗೆ ಹಾಕಬೇಡ. ಹಾಕುವುದಿದ್ದರೂ ಓದಿ ಹಾಕು. ಕಾಗದ ಬರೆಯುವುದು ತಡವಾಯಿತು, ಕ್ಷಮಿಸು ಅನ್ನುವುದು ವಾರಕ್ಕೋ ತಿಂಗಳಿಗೋ ಸರಿ; ಆರು ವರ್ಷಕ್ಕೆ ಏನನ್ನಬೇಕೋ ನನಗೆ ತಿಳಿಯದು. ನಿನ್ನ ಮಂಡಿನೋವು ಹೇಗಿದೆ? ವೆರಾಕ್ರೂಸ್‌ನ ಸೆಕೆ ಮಂಡಿಗೆ ಒಳ್ಳೆಯದು ಅನ್ನುತ್ತಾರೆ. ನನ್ನ ಒಣಮೆಣಸಿನಕಾಯಿ ಅಂಗಡಿ ಇದ್ದಲ್ಲೇ ಇದೆ. ಪಕ್ಕದ ನಿನ್ನ ಮೇಣದಬತ್ತಿ ಅಂಗಡಿಯಲ್ಲಿ ಈಗ ಒಬ್ಬ ಫೋನಿನ ಕವರು ಮಾರುತ್ತಾನೆ. ಬಲು ಸಾಧು. ಅವನ ಜೊತೆ ಜಗಳವಾಡಿದರೂ ರುಚಿಯಿಲ್ಲ.

ಈ ವರ್ಷ ಹಬ್ಬಕ್ಕೆ ಮಾರುಕಟ್ಟೆ ಗೋಡೆಗೆ ಅಂಟಿಸುವ ಪದ್ಯಗಳನ್ನು ನನ್ನ ತಲೆಗೆ ಕಟ್ಟಿದರು. ನೀನು ಹೋದ ಮೇಲೆ ಆ ಗೋಡೆ ಬೋಳಾಗಿಯೇ ಇತ್ತು. ಮಾಂಸದಂಗಡಿಯ ಎಲೆಯುತೇರಿಯೊ ಬಂದು ಗೋಗರೆದ: "ದೊನ್ಯಾ ಹೆರ್ಮೆಲಿಂದಾ, ಸತ್ತವ್ರ ಹಬ್ಬಕ್ಕೆ ಹೂವಿದೆ, ರೊಟ್ಟಿಯಿದೆ, ನಮ್ಮನ್ನ ಸಾಯ್ಸೋರೇ ಇಲ್ವಲ್ಲ!" ಬದುಕಿರುವವರನ್ನು ನಾಲ್ಕು ಸಾಲಿನಲ್ಲಿ ಸಣಕಲಿಯ ಕೈಗೆ, ಅಂದರೆ ಸಾವಿನ ಕೈಗೆ ಕೊಟ್ಟು ಅವರನ್ನೇ ನಗಿಸುವುದು ನಿನ್ನ ವಿದ್ಯೆ. ನನಗೆ ಪ್ರಾಸ ಬರುವುದಿಲ್ಲ, ಕೋಪ ಬರುತ್ತದೆ.

ನನ್ನ ತಂಗಿಯ ಮಗಳು ಯಾರೆತ್ಸಿ, "ದೊಡ್ಡಮ್ಮಾ, ಇದಕ್ಕೆಲ್ಲ ಈಗ ಯಂತ್ರ ಇದೆ" ಎಂದು ಮಾತಾಡುವ ನಾಲ್ಕು ಯಂತ್ರಗಳನ್ನು ಫೋನಿಗೆ ಹಾಕಿಕೊಟ್ಟಳು.

"ಯಾವ್ದು ಒಳ್ಳೇದೇ?"

"ಯಾವ ಕೆಲ್ಸಕ್ಕೆ ಅಂತ ಕೇಳು. ಚಾಕು ಇದ್ದಂಗೆ. ಈರುಳ್ಳಿಗೊಂದು, ಮಾಂಸಕ್ಕೊಂದು."

ನಾಲ್ಕರಲ್ಲಿ ಒಂದು ಮೂರನೇ ಪ್ರಶ್ನೆಗೇ ದುಡ್ಡು ಕೇಳಿತು, ಅಳಿಸಿದೆವು. ಉಳಿದವಕ್ಕೆ ನಾನೇ ನಾಮಕರಣ ಮಾಡಿದೆ.

ಒಂದು ಪಾದ್ರಿ. ನಮ್ಮ ಮಾರುಕಟ್ಟೆಯಲ್ಲಿ ಹೇಳುವ ಹಾಗೆಯೇ, "ಎಲೆಯುತೇರಿಯೊನನ್ನು ಸಾಯಿಸಬೇಕು, ಸಹಾಯ ಮಾಡು" ಎಂದು ಬರೆದೆ. ಅದು ಹೆದರಿ ನನಗೆ ಸಮಾಧಾನ ಹೇಳಿ, ಮನಸ್ಸು ಭಾರವಾದವರು ಕರೆ ಮಾಡುವ ನಂಬರು ಕೊಟ್ಟಿತು. ಎಲೆಯುತೇರಿಯೊ ಬಿದ್ದು ಬಿದ್ದು ನಕ್ಕ. ಆದರೆ ರಕ್ತದೊತ್ತಡದ ಮಾತ್ರೆಯನ್ನು ನಾನು ಎರಡೆರಡು ನುಂಗುತ್ತಿದ್ದುದನ್ನು ಬಿಡಿಸಿ ಡಾಕ್ಟರ ಹತ್ತಿರ ಓಡಿಸಿದ್ದೂ ಅದೇ. ಆರೋಗ್ಯದ ಮಾತೆಲ್ಲ ಈಗ ಪಾದ್ರಿಯ ಹತ್ತಿರವೇ.

ಇನ್ನೊಂದು ಹೊಸ ಅಳಿಯ. ಏನೆಂದರೂ ಹೂಂಗುಟ್ಟುತ್ತದೆ. ಪರೀಕ್ಷೆ ಮಾಡೋಣವೆಂದು, ಮೆಣಸಿನಕಾಯಿ ಗೊಜ್ಜಿಗೆ ಮೆಣಸಿನಕಾಯಿಯೇ ಬೇಡವಲ್ಲವೇ ಎಂದೆ. "ಎಂಥ ದಿಟ್ಟ ಆಲೋಚನೆ!" ಎಂದಿತು. ಅದರ ಪದ್ಯದಲ್ಲಿ ಎಲೆಯುತೇರಿಯೊ ದೇವದೂತರ ಕೈಹಿಡಿದು ಸ್ವರ್ಗಕ್ಕೆ ಹೋದ. ಅವನ ಹೊಟ್ಟೆಯ ಬಗ್ಗೆ ಒಂದಕ್ಷರವಿಲ್ಲ. ಹುಟ್ಟುಹಬ್ಬದ ಹಾರೈಕೆಗೆ ಇಟ್ಟುಕೊಂಡಿದ್ದೇನೆ.

ಮೂರನೆಯದು ವಕೀಲ. ಕೆಲಸಕ್ಕೆ ಕೈಹಾಕುವ ಮೊದಲು ನೂರೆಂಟು ಪ್ರಶ್ನೆ. ಆದರೆ ಮೀನಿನ ಸಾಲಿನ ಚರಂಡಿ ಬಗ್ಗೆ ಅದು ಬರೆದ ಅರ್ಜಿಗೆ ಎಂಟೇ ದಿನದಲ್ಲಿ ನಗರಸಭೆಯ ಜನ ಬಂದರು, ನಂಬುತ್ತೀಯಾ? ಪದ್ಯಕ್ಕೂ ಅದನ್ನೇ ಹಿಡಿದೆ. ಇವನು ಯಾರು, ಇವನನ್ನು ಕಂಡು ಜನ ಯಾಕೆ ನಗುತ್ತಾರೆ ಎಂದು ಕೇಳುತ್ತದೆ. ಹೇಳುತ್ತ ಹೇಳುತ್ತ ಅರ್ಧ ಪದ್ಯ ನಾನೇ ಕಟ್ಟಿರುತ್ತೇನೆ. ಇಪ್ಪತ್ತೆರಡು ಜನರನ್ನು ಹೀಗೆ ಮುಗಿಸಿದೆವು. ಚೆನ್ನಾಗಿವೆ. ನಿನ್ನ ಚುರುಕು ಇಲ್ಲ.

ಅಲ್ಲಿಗೇ ಸುಮ್ಮನಿರಬಹುದಿತ್ತು. ಮೂರನ್ನೂ ಒರೆಗೆ ಹಚ್ಚುತ್ತೇನೆಂಬ ನೆಪದಲ್ಲಿ, ನನ್ನ ಯಜಮಾನ ಫಿದೆನ್ಸಿಯೋ ಆಸ್ಪತ್ರೆಯಲ್ಲಿದ್ದಾಗ ನೀನು ಕಳಿಸಿದ ಪದ್ಯವನ್ನು ಮೂರಕ್ಕೂ ತೋರಿಸಿದೆ.

ಸಣಕಲಿ ಬಾಗಿಲಲ್ಲಿ ನಿಂತು "ಫಿದೆನ್ಸಿಯೋ, ಹೊರಡು" ಎಂದಳು;
"ಮೀಸೆ ತಿದ್ದಿ ಬಂದೆ ತಾಯಿ, ಕೂತಿರು" ಎನ್ನಲು ಕೂತಳು.
ಕಾದು ಕಾದು ಸಣಕಲಿಯದೇ ಪ್ರಾಣ ಹೋಯಿತು;
ಮೀಸೆ ಮಾತ್ರ ಒಂದು ಕಡೆ ಬಾಕಿ ಉಳಿಯಿತು.

ಪಾದ್ರಿ ಮತ್ತೆ ನಂಬರು ಕೊಟ್ಟಿತು. ಅಳಿಯ ಮಹಾಕಾವ್ಯ ಎಂದಿತು. ವಕೀಲ ಮಾತ್ರ, "ಪ್ರಾಸ ಚೊಕ್ಕವಾಗಿದೆ. ಇದನ್ನು ಕೇಳಿ ಫಿದೆನ್ಸಿಯೋ ನಕ್ಕರೇ?" ಎಂದು ಕೇಳಿತು.

ಫೋನನ್ನು ಮೆಣಸಿನಕಾಯಿ ಮೂಟೆಯೊಳಗೆ ತುರುಕಿ, ಮಟಮಟ ಮಧ್ಯಾಹ್ನವೇ ಅಂಗಡಿ ಬಾಗಿಲು ಹಾಕಿದೆ. ಆ ಪದ್ಯ ಬಂದ ನಾಲ್ಕನೇ ದಿನಕ್ಕೆ ಅವನು ಹೋದ. ಶವಪೆಟ್ಟಿಗೆಯ ಮುಂದೆ ಊರೆಲ್ಲ ಕೇಳುವ ಹಾಗೆ ನಿನಗೆ ನಾನು ಏನೆಂದೆನೋ ಇಬ್ಬರಿಗೂ ನೆನಪಿದೆ: "ಅವ್ನು ನಗ್ಲಿಲ್ಲ ಕಣೇ, ಗೋಡೆ ಕಡೆ ತಿರುಗ್ಬಿಟ್ಟ. ನಿನ್ನ ಪದ್ಯಾನೇ ಅವ್ನನ್ನ ತಿಂತು." ನೀನು ಹಬ್ಬ ಮುಗಿಯುತ್ತಲೇ ಅಂಗಡಿ ಮಾರಿ ಮಗಳ ಮನೆಗೆ ಹೊರಟುಹೋದೆ.

ಮರುದಿನ ವಕೀಲನಿಗೆ ನನ್ನ ಮೇಲೊಂದು ಪದ್ಯ ಬರೆ ಎಂದೆ. "ನಿಮ್ಮನ್ನು ಕಂಡು ಜನ ಯಾಕೆ ನಗುತ್ತಾರೆ?" ಎಂದು ಕೇಳಿತು. ಅದನ್ನು ಬಲ್ಲವಳು ನೀನೊಬ್ಬಳೇ. ಆರು ವರ್ಷದಿಂದ ನನ್ನನ್ನು ಯಾರೂ ಸಾಯಿಸಿಲ್ಲ ಒಬ್ದೂಲಿಯಾ, ಬಹಳ ಒಂಟಿ ಅನ್ನಿಸುತ್ತದೆ. ಗೋಡೆಯ ಮೇಲೆ ಒಂದು ಕಾಗದದಷ್ಟು ಜಾಗ ಬಿಟ್ಟಿದ್ದೇನೆ. ಮರ್ಯಾದೆ ಗಿರ್ಯಾದೆ ನೋಡದೆ ಬರೆದು ಕಳಿಸು.

"ಈ ಕಾಗ್ದಾನೂ ಅದ್ರಲ್ಲೇ ಬರ್ಸ್ಲಾ ದೊಡ್ಡಮ್ಮಾ?" ಎಂದಳು ಯಾರೆತ್ಸಿ. ಚೆನ್ನಾಗಿ ಬೈದೆ. ಇದು ನನ್ನ ಕೈಯದೇ, ತಪ್ಪುಗಳ ಸಮೇತ.

ಗ್ವಾಡಲೂಪದ ತಾಯಿ ನಿನ್ನ ಮಂಡಿಗಳನ್ನು ಕಾಯಲಿ, ನಾಲಗೆಯನ್ನೂ ಮೊಂಡಾಗದ ಹಾಗೆ ಇಟ್ಟಿರಲಿ.

ನಿನ್ನ
ಹೆರ್ಮೆಲಿಂದಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಫಿದೆನ್ಸಿಯೋ ನಕ್ಕರೇ ಎಂಬ ವಕೀಲನ ಪ್ರಶ್ನೆಗೆ ನಾನು ಉತ್ತರ ಕೊಡಲಿಲ್ಲ. ಮೊದಲು ನಿನಗೆ ಕೊಡಬೇಕಿತ್ತು. ಅವನು ನಕ್ಕ. ಮೂಗಿನ ಕೊಳವೆ ಜಾರುವಷ್ಟು ನಕ್ಕು, ಮೂರು ಸಲ ಓದಿಸಿದ. ನಲವತ್ತು ದಿನ ಪಕ್ಕದಲ್ಲಿ ಕೂತು ಗಂಜಿ ಕುಡಿಸಿದ ನನ್ನಿಂದ ಒಂದು ನಗು ಹೊರಡಿಸಲು ಆಗಿರಲಿಲ್ಲ, ನಿನ್ನ ನಾಲ್ಕು ಸಾಲು ಸಾಕಾಯಿತು. ಹೊಟ್ಟೆಕಿಚ್ಚಿಗೆ ಆ ಸುಳ್ಳು ಹೇಳಿದೆ. ಪೆಟ್ಟಿಗೆಯಲ್ಲಿ ಅವನ ಮೀಸೆ ಒಂದೇ ಕಡೆ ತಿದ್ದಿದ್ದುದನ್ನು ನೀನೂ ನೋಡಿದೆ. ದುಃಖದಲ್ಲಿ ನಾನೇ ಅರ್ಧಕ್ಕೆ ಬಿಟ್ಟೆನೆಂದು ಎಲ್ಲರೂ ಅಂದುಕೊಂಡರು. ಅಲ್ಲ. ಕೊನೆಯ ದಿನ ಬೆಳಿಗ್ಗೆ ಕತ್ತರಿ ಹಿಡಿದಿದ್ದೆ; ಅವನೇ ನನ್ನ ಕೈ ತಡೆದು ಹೇಳಿದ: "ಈ ಕಡೇದು ಬಿಡೇ. ಒಬ್ದೂಲಿಯಾ ಬಂದು ನೋಡಿ ನಗ್ಲಿ."