ಹ್ಯಾವ್ಲಾಕಿನಲ್ಲಿ ಬೇಗ ಕತ್ತಲಾಗುತ್ತದೆ

ಮಾರ್ಚ್ 22, ಭಾನುವಾರ. ವೇಣೂರು

ಹೆಸರುಬೇಳೆ ಸಾರು, ಅನ್ನ. ಆರು ಗಂಟೆಗೇ ಊಟ ಮುಗಿಯಿತು. ಪಾತ್ರೆ ತೊಳೆದಿಟ್ಟು ಸೂಟ್‌ಕೇಸು ಮತ್ತೊಮ್ಮೆ ತೆರೆದೆ. ಟೋಪಿ ಎರಡು. ಎರಡನ್ನೂ ತಂಗಿ ಸಾಧನಾಳೇ ಆರಿಸಿದ್ದು. ನನಗೆ ನೀಲಿ ರಿಬ್ಬನ್, ಅವಳಿಗೆ ಹಳದಿ. ಹಳದಿಯದನ್ನು ತೆಗೆದಿಡಬೇಕೆಂದುಕೊಂಡೆ. ತೆಗೆಯಲಿಲ್ಲ.

ಮೊನ್ನೆ ಫೋನಿನಲ್ಲಿ ಎಷ್ಟು ಸಲೀಸಾಗಿ ಹೇಳಿಬಿಟ್ಟಳು! "ಅಕ್ಕ, ಬೇಜಾರು ಮಾಡ್ಬೇಡ. ನಾನು ಅಂಡಮಾನಿಗೆ ಬರುದಿಲ್ಲ. ಇವರಿಗೆ ರಾತ್ರಿ ಊಟಕ್ಕೆ ಜೊತೆ ಯಾರೂ ಇಲ್ಲ." ಇವರು ಎಂದರೆ ಭುಜಬಲಿ. ಮೂಡುಬಿದಿರೆಯಲ್ಲಿ ಪಾತ್ರೆ ಅಂಗಡಿ. ಮೊದಲ ಹೆಂಡತಿ ತೀರಿಕೊಂಡಿದ್ದಾರೆ. ಐವತ್ತರ ಹೊಸಿಲಲ್ಲಿ ನಿಂತು ನನ್ನ ತಂಗಿ ಕಳೆದ ವರ್ಷ ಮದುವೆಯಾದದ್ದು ಅವರನ್ನು. ಒಳ್ಳೆಯ ಜನವೇ, ಇಲ್ಲವೆನ್ನುವುದಿಲ್ಲ. ಆದರೆ ಕತ್ತಲಾದ ಮೇಲೆ ಉಣ್ಣಬಾರದ ಜೈನರಾಗಿ ಅಂಗಡಿ ಮುಚ್ಚಿ ಬಂದು ಎಂಟಕ್ಕೆ ಊಟ! ಈಗ ಇವಳೂ ಎಂಟಕ್ಕೇ. ಅಮ್ಮ ಹೋದಲ್ಲಿಂದ ನಾವಿಬ್ಬರೂ ಸೂರ್ಯ ಮುಳುಗುವ ಮೊದಲು ಎದುರುಬದುರು ಕೂತು ಉಂಡವರು...

ನನಗೆ ಊಟಕ್ಕೆ ಯಾರಿದ್ದಾರೆ ಎಂದು ಕೇಳಬೇಕಿತ್ತು. "ಆಯ್ತು" ಎಂದು ಫೋನ್ ಇಟ್ಟೆ. ಆಮೇಲೆ ಅವಳ ಕರೆ ಎತ್ತಿಲ್ಲ. ಎತ್ತುವುದೂ ಇಲ್ಲ. ಒಬ್ಬಳೇ ಹೋಗುತ್ತೇನೆ. ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್ ಆಗಿ ರಿಟೈರ್ ಆದವಳು, ಸಮುದ್ರಕ್ಕೆ ಹೆದರುತ್ತೇನೆಯೆ?

ಮಾರ್ಚ್ 24. ಹ್ಯಾವ್ಲಾಕ್, ರಾತ್ರಿ

ಹಸಿವು. ಅದಕ್ಕೇ ಬರೆಯುತ್ತಿದ್ದೇನೆ.

ವಿಮಾನ, ಮತ್ತೊಂದು ವಿಮಾನ, ಆಮೇಲೆ ಈ ದ್ವೀಪಕ್ಕೆ ಹಡಗು. ಹೋಟೆಲಿಗೆ ಬಂದ ಕೂಡಲೇ ಟೂರಿನ ಲತೇಶನಿಗೆ ಹೇಳಿದೆ: ನನ್ನ ಊಟ ಆರಕ್ಕೆ ಆಗಬೇಕು, ಈರುಳ್ಳಿ ಬಟಾಟೆ ಬೇಡ. ಪಾಪ, ಅಡುಗೆಯವರ ಬೆನ್ನು ಬಿದ್ದು ಮಾಡಿಸಿದ. ಸ್ನಾನ ಮಾಡಿ ಹೊರಗೆ ಬರುತ್ತೇನೆ — ಅಂಗಳದಲ್ಲಿ ಲೈಟು! ಸಮುದ್ರವೂ ಕಾಣುವುದಿಲ್ಲ, ಆಕಾಶವೂ ಕಾಣುವುದಿಲ್ಲ. ಇಲ್ಲಿ ಐದೂವರೆಗೇ ಸೂರ್ಯನ ಕತೆ ಮುಗಿಯುತ್ತದಂತೆ. ವೇಣೂರಿನ ಗಡಿಯಾರ ನಂಬಿ ಕೆಟ್ಟೆ.

ಬಡಿಸಿದ ತಟ್ಟೆಯನ್ನು ಹಾಗೆಯೇ ಹಿಂದಕ್ಕೆ ಕೊಟ್ಟೆ. "ಇವತ್ತೊಂದು ದಿನ ಅಡ್ಜಸ್ಟ್ ಮಾಡಿ ಟೀಚರೇ, ಯಾರು ನೋಡ್ತಾರೆ ಇಲ್ಲಿ?" ಎಂದ ಲತೇಶ. ನಾನು ನೋಡುತ್ತೇನಲ್ಲ ಮಾರಾಯ.

ಇನ್ನೊಂದು. ಸಾಧನಾಳ ಮಂಚ ಖಾಲಿ ಎಂದು ರೂಮಿಗೆ ಒಬ್ಬರನ್ನು ಹಾಕಿದ್ದಾರೆ. ಬಂಟ್ವಾಳದ ಮೈಮೂನಮ್ಮ. ಮಗಳು ಫರ್ಹಾನ, ಅಳಿಯ ಅಬ್ಬಾಸ್ ಪಕ್ಕದ ರೂಮಿನಲ್ಲಿ. ಅಳಿಯ ರಂಜಾನ್ ಹಬ್ಬಕ್ಕೆ ದುಬೈಯಿಂದ ರಜೆಯಲ್ಲಿ ಬಂದಿದ್ದಾನೆ. ನನ್ನನ್ನು ಕೇಳದೆ ಮಾಡಿದ್ದಕ್ಕೆ ಸಿಟ್ಟು ಬಂತು. ಮುಖ ಗಂಟು ಹಾಕಿಕೊಂಡೇ ಇದ್ದೆ. ಆಕೆ ತುಳುವಿನಲ್ಲಿ ಶುರು ಮಾಡಿದರು: "ಹನಿಮೂನಿಗೆ ಅಮ್ಮನನ್ನು ಕರ್ಕೊಂಡು ಬರುದು ಎಲ್ಲಿಯಾದ್ರೂ ಉಂಟಾ ಟೀಚರೇ? ಮನೇಲಿ ಒಬ್ಳೇ ಆಗ್ತೇನೆ ಅಂತ ಎಳ್ಕೊಂಡು ಬಂದ್ರು. ಇಲ್ಲಿ ಬಂದು ಒಬ್ಳೇ ಆದೆ."

ನಗು ಬಂತು. ಮುಖ ಆ ಕಡೆ ತಿರುಗಿಸಿದೆ.

ಮಾರ್ಚ್ 25. ಮಧ್ಯಾಹ್ನ

ಮೈಮೂನಮ್ಮ ಉಪವಾಸ! ಹಬ್ಬ ಕಳೆದ ಮೇಲೆ ಆರು ನೋಂಬು ಹಿಡಿಯುವುದುಂಟಂತೆ. ಬೆಳಗಾಗುವ ಮೊದಲೇ ಎದ್ದು, ನನಗೆ ಎಚ್ಚರವಾಗದಂತೆ ಬಾತ್‌ರೂಮಿನ ಬೆಳಕಿನಲ್ಲಿ ಬಾಳೆಹಣ್ಣು ತಿನ್ನುತ್ತಿದ್ದರು. ನಾನು ಎದ್ದೇ ಇದ್ದೆ. ಹಸಿದವಳಿಗೆ ಎಲ್ಲಿಯ ನಿದ್ದೆ?

"ಊರಿಗೆ ಹೋಗಿ ಹಿಡಿಯಬಹುದಿತ್ತಲ್ಲ?" ಎಂದೆ.

"ಅಲ್ಲಿ ಹಿಡಿದ್ರೂ ಬಿಡ್ಲಿಕ್ಕೆ ನಾನೊಬ್ಳೇ. ಇಲ್ಲಿಯಾದ್ರೆ ಸುತ್ತ ಜನ ಉಂಟು."

ಹೊರಗೆ ಜನ ಹೌದು, ಆದರೆ ಆ ಜನಕ್ಕೆ ಪುರಸೊತ್ತಿಲ್ಲ. ಒಬ್ಬರು ಸ್ಕೂಬಾ, ಒಬ್ಬರು ಜೆಟ್‌ಸ್ಕಿ. ಫರ್ಹಾನ, ಅಬ್ಬಾಸ್ ಕಯಾಕ್ ದೋಣಿ ಹತ್ತಿ, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಕಾಡಿನೊಳಗೆ ಮಾಯ. ನಾವಿಬ್ಬರೂ ಇಡೀ ಗುಂಪಿನ ಬ್ಯಾಗು, ಚಪ್ಪಲಿ, ಮೊಬೈಲು ಕಾಯುತ್ತಾ ಮರದಡಿ. ಇದನ್ನು ವೇಣೂರಿನ ಬಸ್‌ಸ್ಟ್ಯಾಂಡಿನಲ್ಲಿಯೂ ಮಾಡಬಹುದಿತ್ತು.

ಮಾರ್ಚ್ 25. ಸಂಜೆ

ನಾಲ್ಕೂವರೆಗೆ ಊಟ. ಎಲ್ಲರೂ ಬೀಚಿನಲ್ಲಿ. ಅಷ್ಟು ದೊಡ್ಡ ಹಾಲಿನಲ್ಲಿ ನಾನೊಬ್ಬಳೇ. ಉಳಿದ ಕುರ್ಚಿಗಳನ್ನು ಮೇಜಿನ ಮೇಲೆ ಮಗುಚಿ ಹಾಕಿ ನೆಲ ಒರೆಸುತ್ತಿದ್ದರು. ಒರೆಸುತ್ತಾ ನನ್ನ ಮೇಜಿನ ಹತ್ತಿರ ಬಂದಾಗ ಕಾಲು ಮೇಲೆತ್ತಿ ಕೂತು ಉಂಡೆ. ಅರ್ಧ ತಟ್ಟೆಯಲ್ಲೇ ಬಿಟ್ಟೆ.

ಸಾಧನಾಳ ಕರೆ. ಎತ್ತಲಿಲ್ಲ.

ಮಾರ್ಚ್ 26

ಸಮುದ್ರಕ್ಕೆ ಇಳಿದೆ!!

ಎಲಿಫೆಂಟ್ ಬೀಚ್. ಸ್ನಾರ್ಕ್ಲಿಂಗ್ ಎಲ್ಲರ ಪ್ಯಾಕೇಜಿನಲ್ಲಿಯೂ ಉಂಟು ಎಂದು ಲತೇಶ ಹಿಂದೆ ಬಿದ್ದ. ಕಣ್ಣಿಗೆ ಕನ್ನಡಕ, ಬಾಯಿಗೆ ಕೊಳವೆ, ಚೂಡಿದಾರದ ಮೇಲೆ ಲೈಫ್‌ಜಾಕೆಟ್. ಮೈಮೂನಮ್ಮನನ್ನೂ ಕರೆದೆ. "ನಾನಿಲ್ಲಪ್ಪ. ಬಾಯಿಗೆ ನೀರು ಹೋದ್ರೆ ನೋಂಬು ಹೋಯ್ತು. ನೀವು ಹೋಗಿ ನೋಡಿ ಬನ್ನಿ, ನನಗೆ ಹೇಳಿ." ಬಿಸಿಲು ಹೊಡೆಯುತ್ತಿತ್ತು. ಹಳದಿ ರಿಬ್ಬನಿನ ಟೋಪಿ ಕೊಟ್ಟೆ. ತಲೆವಸ್ತ್ರದ ಮೇಲೆಯೇ ಇಟ್ಟುಕೊಂಡರು. ಚೆಂದ ಕಂಡರು. ಸ್ವಲ್ಪ ಸಂಕಟವೂ ಆಯಿತು. ಯಾರಿಗೆ ತಂದದ್ದು, ಯಾರ ತಲೆ ಮೇಲೆ.

ಫಲ್ಗುಣಿ ಹೊಳೆ ಪಕ್ಕದಲ್ಲೇ ಇದ್ದೂ ನಾನು ಈಜು ಕಲಿತವಳಲ್ಲ. ಎದೆಮಟ್ಟದ ನೀರಿನಲ್ಲಿ ಜಾಕೆಟಿನ ಪಟ್ಟಿ ಬಿಗಿಹಿಡಿದು ನಿಂತಿದ್ದೆ. ಅಷ್ಟರಲ್ಲಿ ಗೈಡ್ ಹಿಂದಿಯಲ್ಲಿ ಕೂಗಿದ: ಕಾಲಿಡಬೇಡಿ, ಅದು ಕಲ್ಲಲ್ಲ, ಹವಳ, ಜೀವ ಉಂಟು ಅದಕ್ಕೆ! ನನ್ನ ಕಾಲಡಿ ಜೀವ! ಬೆಚ್ಚಿಬಿದ್ದು ಎರಡೂ ಕಾಲು ಮೇಲೆಳೆದುಕೊಂಡೆ. ಮುಳುಗುತ್ತೇನೆ ಎಂದುಕೊಂಡೆ. ತೇಲಿದೆ.

ಮತ್ತೆ ಕಾಲು ಕೆಳಗಿಡಲಿಲ್ಲ. ನೀರೊಳಗೆ ಮುಖ ಹಾಕಿದರೆ... ಹಸಿರು ಮೀನು, ಹಳದಿ ಪಟ್ಟೆಯ ಮೀನು, ನನ್ನ ಕೈಬೆರಳು ನೋಡಲು ಬಂದ ಪುಟ್ಟ ನೀಲಿ ಮೀನು. "ಸಾಧನಾ, ನೋಡು" ಎಂದೆ. ಕೊಳವೆಯೊಳಗೇ ಹೇಳಿಬಿಟ್ಟೆ. ಬಾಯಿತುಂಬ ಉಪ್ಪುನೀರು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ಗೈಡ್ ಹೆದರಿದ. ಅಳುತ್ತಿದ್ದೇನೆಂದು ಅವನಿಗೆ ಗೊತ್ತಾಗಲಿಲ್ಲ. ಒಳ್ಳೆಯದಾಯಿತು.

ಮಾರ್ಚ್ 27. ರೂಮಿಗೆ ಬಂದ ಮೇಲೆ

ಕೊನೆಯ ಸಂಜೆ. ರಾಧಾನಗರ ಬೀಚ್. ಲತೇಶ ನನ್ನ ಊಟವನ್ನು ಡಬ್ಬಿಯಲ್ಲಿ ಕಟ್ಟಿಸಿ ಕೊಟ್ಟಿದ್ದ. ಚಪಾತಿ, ಬೆಂಡೆಕಾಯಿ ಪಲ್ಯ. ಮೈಮೂನಮ್ಮನ ಮಡಿಲಲ್ಲಿ ಖರ್ಜೂರದ ಪೊಟ್ಟಣ, ನೀರಿನ ಬಾಟಲಿ. ಇಬ್ಬರೂ ಒಂದೇ ಬಟ್ಟೆ ಹಾಸಿ ಕೂತೆವು. ಎದುರಿಗೆ ಸೂರ್ಯ.

ಉಪವಾಸದವರ ಎದುರು ತಿನ್ನಲು ನಾಚಿಕೆ ನನಗೆ. ಡಬ್ಬಿ ಮುಚ್ಚಿಯೇ ಇಟ್ಟಿದ್ದೆ. ಅವರೇ ಅವಸರ ಮಾಡಿದರು. "ಬೇಗ ಟೀಚರೇ, ಬೇಗ! ಇಳೀತಾ ಉಂಟು ನೋಡಿ. ಮಾತು ಆಮೇಲೆ." ಓಟದ ಸ್ಪರ್ಧೆಯಲ್ಲಿ ನಾನು ಮಕ್ಕಳನ್ನು ಹುರಿದುಂಬಿಸುತ್ತಿದ್ದ ಹಾಗೆ. ಕೊನೆಯ ತುತ್ತು ನುಂಗಿ ಕೈ ತೊಳೆದೆ. ಸೂರ್ಯನ ಅಂಚು ಮಾತ್ರ ಉಳಿದಿತ್ತು.

ಮುಳುಗಿತು.

"ನಿಮ್ದು ಮುಗೀತು. ಇನ್ನು ನಂದು." ಖರ್ಜೂರ ಕೈಗೆತ್ತಿಕೊಂಡು ಏನೋ ಪಿಸುಗುಟ್ಟಿದರು. ನಾನು ಏಳಲು ಹೊರಟೆ. ಕೈ ಹಿಡಿದರು. "ಎಲ್ಲಿಗೆ? ಕೂತ್ಕೊಳ್ಳಿ ಮಾರಾಯ್ರೆ. ಒಬ್ಳೇ ಬಾಯಿ ಆಡಿಸಿ ಆಡಿಸಿ ಸಾಕಾಗಿದೆ ನನಗೆ."

ಕೂತೆ. ಆಗಲೇ ಫೋನ್. ಸಾಧನಾ. ಬಡಿದುಕೊಂಡು ನಿಂತಿತು.

"ಯಾರು?"

"ತಂಗಿ."

"ಎತ್ತುದಿಲ್ವಾ?"

ಎಲ್ಲವನ್ನೂ ಹೇಳಿದೆ. ಮದುವೆ, ಎಂಟು ಗಂಟೆಯ ಊಟ, ನನ್ನ ಎದುರಿನ ಖಾಲಿ ಮಣೆ. ಒಂದು ವರ್ಷದಿಂದ ಅವಳ ಮನೆಗೆ ರಾತ್ರಿ ಉಳಿಯಲು ಹೋಗಿಲ್ಲ ಎಂದೂ ಹೇಳಿದೆ. ಅವರು ಉಣ್ಣುವಾಗ ನಾನು ಹೊರಗಿನವಳ ಹಾಗೆ ಎಲ್ಲಿ ನಿಲ್ಲಲಿ?

ಮೈಮೂನಮ್ಮ ಖರ್ಜೂರದ ಬೀಜವನ್ನು ಕಾಗದದಲ್ಲಿ ಸುತ್ತಿಟ್ಟರು. "ಈಗ ನಾನು ತಿಂತಾ ಇದ್ದೇನೆ. ನೀವು ತಿಂತಾ ಇಲ್ಲ. ನೀವು ಎಲ್ಲಿದ್ದೀರಿ?"

ಉತ್ತರಕ್ಕೆ ಅವರು ಕಾಯಲಿಲ್ಲ. ಇನ್ನೊಂದು ಖರ್ಜೂರ ಬಾಯಿಗೆ ಹಾಕಿಕೊಂಡರು. ಅವರದ್ದು ಮುಗಿಯುವವರೆಗೂ ಕೂತೇ ಇದ್ದೆ. ಇಷ್ಟು ದಿನದಲ್ಲಿ ನಾವಿಬ್ಬರೂ ಒಂದು ತುತ್ತನ್ನೂ ಒಟ್ಟಿಗೆ ಉಣ್ಣಲಿಲ್ಲ. ಆದರೆ ಇವತ್ತು ಡಬ್ಬಿಯಲ್ಲಿ ಒಂದು ಚೂರೂ ಉಳಿಯಲಿಲ್ಲ.

ಮಾರ್ಚ್ 29. ವೇಣೂರು

ಮನೆ. ಬೀಗ ತೆಗೆದಾಗ ಒಳಗಿಂದ ಮುಚ್ಚಿಟ್ಟ ವಾಸನೆ. ಮೈಮೂನಮ್ಮ ಏರ್‌ಪೋರ್ಟಿನಲ್ಲಿ ಟೋಪಿ ವಾಪಸು ಕೊಟ್ಟರು. ಒಳಗೆಲ್ಲ ಮರಳು. "ಬಂಟ್ವಾಳ ಕಡೆ ಬಂದ್ರೆ ಬನ್ನಿ" ಎಂದರು. ಮಗಳ ಹಿಂದೆ ಓಡಿದರು.

ಗಂಜಿ ಬೇಯಿಸಿದೆ. ಆರು ಗಂಟೆ. ಹೊರಗೆ ಇನ್ನೂ ಎಷ್ಟೊಂದು ಬೆಳಕು. ಉಂಡೆ. ಎದುರಿಗೆ ಗೋಡೆ.

ಮಾರ್ಚ್ 30. ವೇಣೂರು ಬಸ್‌ಸ್ಟ್ಯಾಂಡ್, ಸಂಜೆ

ಇವತ್ತು ಬೇಗನೇ ಊಟ ಮುಗಿಸಿ ಹೊರಟೆ. ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಮೂಡುಬಿದಿರೆಯ ಬಸ್ಸು ಎಂದಿನ ಹಾಗೆ ಲೇಟು.

ನಾನೇ ಫೋನ್ ಮಾಡಿದೆ. ಒಂದೇ ರಿಂಗಿಗೆ ಎತ್ತಿದಳು. ಬರುತ್ತಿದ್ದೇನೆ ಎಂದೆ.

"ಅಕ್ಕ, ನೀನು ಮುಟ್ಟುವಾಗ ಕತ್ತಲೆ ಆಗ್ತದೆ. ನಿನ್ನ ಊಟ?"

"ನನ್ನದಾಯ್ತು."

"ಹಾಗಾದ್ರೆ ನಾವು ಆಮೇಲೆ ಒಳಗೆ ಉಣ್ತೇವೆ, ನೀನು ಮಲಗಿದ ಮೇಲೆ..."

"ಬೇಡ. ಎಂಟಕ್ಕೇ ಕೂತ್ಕೊಳ್ಳಿ. ನನಗೂ ಒಂದು ಮಣೆ ಹಾಕು."

"ನೀನು ಉಣ್ಣುದಿಲ್ಲ ಅಲ್ವಾ?"

"ಉಣ್ಣುದಿಲ್ಲ."

ಆ ಕಡೆ ಮೂಗೆಳೆದ ಸದ್ದು. ಚಿಕ್ಕವಳಿದ್ದಾಗಲೂ ಹೀಗೆಯೇ, ಅಳುವುದನ್ನು ಒಪ್ಪುತ್ತಲೇ ಇರಲಿಲ್ಲ.

ಹಳದಿ ರಿಬ್ಬನಿನ ಟೋಪಿ ಮಡಿಲಲ್ಲಿದೆ. ಮರಳು ಕೊಡವಲಿಲ್ಲ. ಅವಳ ಮನೆಯಲ್ಲಿಯೇ ಉದುರಲಿ, ಬೈಯಲಿ. ಅವರಿಬ್ಬರೂ ಬಡಿಸಿಕೊಂಡು ಕೂತ ಮೇಲೆ ಎಲ್ಲ ಹೇಳಬೇಕು. ಭುಜಬಲಿಯವರೂ ಕೇಳಲಿ. ಮೊದಲು ಆ ಸಮುದ್ರದ್ದು. ಮುಳುಗಿಯೇ ಹೋದೆ ಅಂದುಕೊಂಡಿದ್ದೆ ಸಾಧನಾ, ಕಾಲು ಮೇಲೆಳೆದುಕೊಂಡೆ ನೋಡು, ಆಗ ನೀರೇ ನನ್ನನ್ನು —